ಬೇಸಿಗೆಯಲ್ಲಿ ಗಂಟುಗಟ್ಟುವ ಪಿನಿಪಾಮ್–ಡಿಎನ್ಎ ಮಿಶ್ರಣಕ್ಕೆ ಪರಿಹಾರ

ದಾವಣಗೆರೆಯ ಏಪ್ರಿಲ್‌ನಲ್ಲಿ ಎಸಿ ಇಲ್ಲದ ಪ್ರಯೋಗಾಲಯದ ಮೇಜೇ 35 ಡಿಗ್ರಿ ಮುಟ್ಟುತ್ತದೆ. ಡಿಎನ್ಎಯನ್ನು ಜೀವಕೋಶದೊಳಗೆ ಸಾಗಿಸಲು ಬಳಸುವ ಪಿನಿಪಾಮ್ (ಉಷ್ಣತೆಗೆ ಸ್ಪಂದಿಸುವ ಪಾಲಿಮರ್) ನೀರಿನಲ್ಲಿ ಕರಗಿರುವುದು ಸುಮಾರು 32 ಡಿಗ್ರಿವರೆಗೆ ಮಾತ್ರ. ಆಮೇಲೆ ಸರಪಳಿಗಳು ನೀರು ಬಿಟ್ಟು ಮುದುಡಿ, ದ್ರಾವಣ ಹಾಲಿನಂತೆ ಬೆಳ್ಳಗಾಗುತ್ತದೆ. ಡಿಎನ್ಎಯನ್ನು ಹಿಡಿದಿಡುವ ಧನ ಆವೇಶದ ಪಾಲಿಮರ್ ಪಿಇಐಯನ್ನು ಇದಕ್ಕೆ ಕಸಿ ಮಾಡಿದರೆ ಈ ಮಿತಿ ತುಸು ಏರುತ್ತದೆ ನಿಜ, ಆದರೆ ಡಿಎನ್ಎ ಅದರ ಧನ ಆವೇಶವನ್ನು ತಣಿಸಿದೊಡನೆ ಮತ್ತೆ ಇಳಿಯುತ್ತದೆ. ಪಿಬಿಎಸ್‌ನ (ಫಾಸ್ಫೇಟ್ ಬಫರ್ ಸೇರಿದ ಉಪ್ಪುನೀರು) ಉಪ್ಪು ಇನ್ನಷ್ಟು ಇಳಿಸುತ್ತದೆ. ಹೀಗಾಗಿ ಮಿಶ್ರಣ ದೊಡ್ಡ ಗಂಟುಗಳಾಗಿ ತಳಕ್ಕಿಳಿಯುತ್ತಿತ್ತು, ಜೀವಕೋಶಗಳಲ್ಲಿ ಡಿಎನ್ಎ ಕೆಲಸ ಮಾಡಿದ್ದನ್ನು ತೋರಿಸುವ ಹಸಿರು ಪ್ರೋಟೀನ್ ಜಿಎಫ್‌ಪಿಯ ಹೊಳಪೇ ಕಾಣುತ್ತಿರಲಿಲ್ಲ.

ಪಿಬಿಎಸ್ ಬಿಟ್ಟು 5% ಗ್ಲೂಕೋಸ್ ಬಳಸಿದೆ. ಮಿಲಿಲೀಟರ್‌ಗೆ 1 ಮಿ.ಗ್ರಾಂ ಪಾಲಿಮರ್ ಹಾಕಿ ರಾತ್ರಿಯಿಡೀ 4 ಡಿಗ್ರಿಯಲ್ಲಿ ಕರಗಿಸಿ, ತಣ್ಣಗಿರುವಾಗಲೇ 0.22 ಮೈಕ್ರಾನ್ ಫಿಲ್ಟರ್‌ನಲ್ಲಿ ಸೋಸಬೇಕು. ಬಿಸಿಯಾದರೆ ಪಾಲಿಮರ್ ಫಿಲ್ಟರ್‌ನಲ್ಲೇ ಉಳಿಯುತ್ತದೆ, ಸಾಂದ್ರತೆಯ ಲೆಕ್ಕ ಕೆಡುತ್ತದೆ. ಟಿಪ್‌ಗಳನ್ನೂ ಫ್ರಿಜ್‌ನಲ್ಲಿಡಿ.

ಅಳತೆ: 1 ಮೈಕ್ರೋಗ್ರಾಂ ಡಿಎನ್ಎಯಲ್ಲಿ ಸುಮಾರು 3 ನ್ಯಾನೋಮೋಲ್ ಫಾಸ್ಫೇಟ್. ಪಿಇಐಯ ಸಾರಜನಕಕ್ಕೂ ಡಿಎನ್ಎಯ ಫಾಸ್ಫೇಟ್‌ಗೂ ಇರುವ ಅನುಪಾತ 10 ಬೇಕಾದರೆ 1.3 ಮೈಕ್ರೋಗ್ರಾಂ ಪಿಇಐ. ಪಾಲಿಮರ್ ತೂಕದಲ್ಲಿ ಅರ್ಧ ಪಿಇಐ ಇದ್ದರೆ 2.6 ಮೈಕ್ರೋಗ್ರಾಂ ಪಾಲಿಮರ್. ಇಲ್ಲಿ ಒಟ್ಟು ತೂಕವನ್ನೇ ಪಿಇಐ ಎಂದು ಹಿಡಿಯುವವರು ಬಹಳ. ಮಂಜುಗಡ್ಡೆಯ ಮೇಲೆ ಬೆರೆಸಿ 20 ನಿಮಿಷ ಬಿಡಿ.

ನಂತರ 37 ಡಿಗ್ರಿಯ ಕೋಶಗಳಿಗೆ ಹನಿಹನಿಯಾಗಿ ಸೇರಿಸಿ. ಆಗ ಮುದುಡುವುದು ಒಳ್ಳೆಯದೇ: ಕಣ ಬಿಗಿಯಾಗಿ ಡಿಎನ್ಎಗೆ ರಕ್ಷಣೆ ಸಿಗುತ್ತದೆ. ನಾಲ್ಕು ಗಂಟೆಯ ನಂತರ ಕೋಶಗಳ ತಟ್ಟೆಯನ್ನು 25 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೆ ಸರಪಳಿ ಬಿಚ್ಚಿಕೊಂಡು ಡಿಎನ್ಎ ಸಡಿಲವಾಗುತ್ತದೆ. ನಮ್ಮ ಬೇಸಿಗೆಯಲ್ಲಿ ಇದಕ್ಕೆ ಕೋಣೆಯ ಉಷ್ಣತೆಯನ್ನು ನಂಬಬೇಡಿ, ಕೂಲಿಂಗ್ ಇರುವ ಇನ್‌ಕ್ಯುಬೇಟರ್ ಬೇಕು.