ಬಜ್ಪೆ ರನ್‌ವೇಯ ಹೊಂಡ ಮುಚ್ಚುವುದು ಹೇಗೆ

ಎಕ್ಸ್-ಪ್ಲೇನ್ ಅನ್ನುವ ವಿಮಾನ ಹಾರಿಸುವ ಕಂಪ್ಯೂಟರ್ ಆಟಕ್ಕೆ ಬಜ್ಪೆಯ ನಮ್ಮ ಮಂಗಳೂರು ಏರ್‌ಪೋರ್ಟ್ ಮಾಡಲು ಹೊರಟವರಿಗೆಲ್ಲ ಈ ಕಾಟ ಇದ್ದದ್ದೇ. ಟರ್ಮಿನಲ್ ಚೆಂದ ಬಂದಿರುತ್ತದೆ, ಗೆರೆಗಳೆಲ್ಲ ಸರಿ ಇರುತ್ತವೆ. ವಿಮಾನ ಓಡಿಸಿದರೆ ಮಾತ್ರ ರನ್‌ವೇ ನಡುವೆ ಹೊಂಡ, ತುದಿಯಲ್ಲಿ ಇಳಿಜಾರು. ಏರ್‌ಪೋರ್ಟ್ ಬಿಡಿಸುವ ವರ್ಲ್ಡ್ ಎಡಿಟರ್‌ನಲ್ಲಿ ರನ್‌ವೇಯನ್ನು ಎಷ್ಟು ಎಳೆದಾಡಿದರೂ ಇದು ಹೋಗುವುದಿಲ್ಲ. ತಪ್ಪಿರುವುದು ಕೆಳಗಿನ ಮೆಶ್‌ನಲ್ಲಿ, ಅಂದರೆ ನೆಲದ ಏರಿಳಿತದ ಮಾದರಿಯಲ್ಲಿ.

ಮೆಶ್ ಮಾಡಿಕೊಡುವ ಆರ್ಥೋ4ಎಕ್ಸ್‌ಪಿ ತಂತ್ರಾಂಶ ತಾನಾಗಿ ಇಳಿಸಿಕೊಳ್ಳುವ ಎತ್ತರದ ಡೇಟಾ ಬಹುಪಾಲು ಎಸ್‌ಆರ್‌ಟಿಎಮ್ ಅನ್ನುವ ರೇಡಾರ್ ಸರ್ವೆಯದು. ಎಂಡೆವರ್ ಬಾಹ್ಯಾಕಾಶ ಷಟಲ್ ಅದನ್ನು ಅಳೆದದ್ದು 2000ದ ಫೆಬ್ರವರಿಯಲ್ಲಿ. ಬಜ್ಪೆಯ 06/24 ರನ್‌ವೇ ಶುರುವಾದದ್ದು 2006ರಲ್ಲಿ. ಗುಡ್ಡ ಕಡಿದು, ತಗ್ಗು ತುಂಬಿಸಿ ಮಾಡಿದ 2,450 ಮೀಟರ್ ಉದ್ದದ ಟೇಬಲ್‌ಟಾಪ್, ಅಂದರೆ ಗುಡ್ಡದ ನೆತ್ತಿಯ ರನ್‌ವೇ ಅದು. ಹಳೇ ಗುಡ್ಡದ ಮೇಲೆ ಹೊಸ ರನ್‌ವೇ ಹಾಸಿದರೆ ಹೊಂಡ ಬೀಳದೆ ಇನ್ನೇನಾಗುತ್ತದೆ? ಹಾಗಾಗಿ ಯಾವ ಏರ್‌ಪೋರ್ಟ್ ಮಾಡಿದರೂ ಡೇಟಾ ಯಾವ ವರ್ಷದ್ದು, ರನ್‌ವೇ ಯಾವ ವರ್ಷದ್ದು ಅಂತ ಮೊದಲು ನೋಡಿ.

ಹಾಗೇ ಎಕ್ಸ್-ಪ್ಲೇನ್‌ಗೆ ಸೀನರಿಗಳ ಕ್ರಮ ಹೇಳುವ ಸೀನರಿ_ಪ್ಯಾಕ್ಸ್ ಫೈಲನ್ನೂ ಒಮ್ಮೆ ತೆರೆದು ನೋಡಿ. ಏರ್‌ಪೋರ್ಟ್ ಮೇಲಿರಬೇಕು, ಮೆಶ್ ಎಲ್ಲಕ್ಕಿಂತ ಕೆಳಗೆ. ಒಂದೇ ಟೈಲ್‌ಗೆ (ನಕ್ಷೆಯ ಒಂದು ಡಿಗ್ರಿ ಚೌಕಕ್ಕೆ) ಎರಡು ಮೆಶ್ ಇದ್ದರೆ ಮೇಲಿನದು ಮಾತ್ರ ಲೆಕ್ಕಕ್ಕೆ ಬರುತ್ತದೆ. ನೀವು ತಿದ್ದಿದ್ದು ಕೆಳಗಿನದಾದರೆ ಏನೂ ಬದಲಾಗುವುದಿಲ್ಲ.

ಸುಲಭದ ದಾರಿ ಅಂದರೆ ವರ್ಲ್ಡ್ ಎಡಿಟರ್‌ನಲ್ಲಿ ನೆಲ ಮಟ್ಟಸ ಮಾಡುವ ಆಲ್ವೇಸ್ ಫ್ಲಾಟನ್‌ಗೆ ಟಿಕ್ ಹಾಕುವುದು. ಬಯಲಿನ ಏರ್‌ಪೋರ್ಟಿಗೆ ಅಷ್ಟು ಸಾಕು. ಬಜ್ಪೆಗೆ ನಾನಂತೂ ಹಾಕುವುದಿಲ್ಲ. ಹಾಕಿದರೆ ಏರ್‌ಪೋರ್ಟ್ ಬೌಂಡರಿ ಒಳಗಿನದೆಲ್ಲ ಮಟ್ಟಸವಾಗಿ, ಅಂಚಿನಲ್ಲಿ ಗೋಡೆ ಕಟ್ಟಿದ ಹಾಗೆ ಕಾಣುತ್ತದೆ. ಬೌಂಡರಿಯನ್ನು ಕಣಿವೆಯವರೆಗೆ ಎಳೆದಿದ್ದರಂತೂ ಕಣಿವೆಯೇ ಮಾಯ. ಟೇಬಲ್‌ಟಾಪ್‌ಗೆ ಇಳಿಯುವ ಮಜಾ ಇರುವುದೇ ಆ ಕಣಿವೆಯಲ್ಲಿ, ಅಲ್ವಾ?

ಸರಿಯಾದ ಕೆಲಸ ಪ್ಯಾಚ್, ಅಂದರೆ ರನ್‌ವೇ ಜಾಗದ ಎತ್ತರವನ್ನು ಮೆಶ್‌ನಲ್ಲೇ ತಿದ್ದುವ ಫೈಲ್. ಏರ್‌ಪೋರ್ಟ್ಸ್ ಅಥಾರಿಟಿಯ ಎಐಪಿ ಅನ್ನುವ ಅಧಿಕೃತ ಮಾಹಿತಿ ಪ್ರಕಟಣೆಯಲ್ಲಿ ರನ್‌ವೇಯ ಎರಡೂ ತುದಿಗಳ ಎತ್ತರ ಸಿಗುತ್ತದೆ, ಬರೆದಿಟ್ಟುಕೊಳ್ಳಿ. ನಕ್ಷೆ ತಿದ್ದುವ ಜೋಸ್ಮ್ ತಂತ್ರಾಂಶದಲ್ಲಿ ಹೊಸ ಲೇಯರ್ ತೆಗೆದು ರನ್‌ವೇಗಿಂತ ಸ್ವಲ್ಪ ಅಗಲವಾದ ಆಯತ ಬಿಡಿಸಿ. ಪೂರ್ತಿ ಮಟ್ಟಸ ಬೇಕಾದರೆ ಆಲ್ಟಿಟ್ಯೂಡ್ ಟ್ಯಾಗ್ ಒಂದೇ ಸಾಕು. ಇಳಿಜಾರು ಬೇಕಾದರೆ ಆಲ್ಟಿಟ್ಯೂಡ್_ಹೈ, ಆಲ್ಟಿಟ್ಯೂಡ್_ಲೋ ಎರಡೂ ಬೇಕು. ಬಿಂದುಗಳನ್ನು ಇಟ್ಟ ಕ್ರಮದ ಮೇಲೆ ಇಳಿಜಾರಿನ ದಿಕ್ಕು ನಿಲ್ಲುತ್ತದೆ. ಉಲ್ಟಾ ಬಂದರೆ ಇನ್ನೊಂದು ತುದಿಯಿಂದ ಬಿಡಿಸಿ.

ಇಲ್ಲಿ ಎಲ್ಲ ಅಂಕಿಯೂ ಮೀಟರಿನಲ್ಲಿ. ಬಜ್ಪೆಯ ಎತ್ತರ 337 ಅಡಿ, ಅಂದರೆ ಸುಮಾರು 103 ಮೀಟರ್. ಟ್ಯಾಗ್‌ನಲ್ಲಿ 337 ಅಂತಲೇ ಬರೆದರೆ ರನ್‌ವೇ ಸೀದಾ ಆಕಾಶದಲ್ಲಿ! ಇನ್ನೊಂದು ಮಾತು, ಜೋಸ್ಮ್‌ನ ಅಪ್‌ಲೋಡ್ ಬಟನ್ ಮಾತ್ರ ಒತ್ತಬೇಡಿ. ಈ ಆಯತ ನಮ್ಮ ಆಟಕ್ಕೆ, ಎಲ್ಲರೂ ಬಳಸುವ ಓಪನ್‌ಸ್ಟ್ರೀಟ್‌ಮ್ಯಾಪ್ ನಕ್ಷೆಗೆ ಅಲ್ಲ.

ಫೈಲನ್ನು ಆರ್ಥೋ4ಎಕ್ಸ್‌ಪಿಯ ಪ್ಯಾಚಸ್ ಫೋಲ್ಡರಿನಲ್ಲಿ +10+070, ಅದರೊಳಗೆ +12+074 ಅಂತ ಫೋಲ್ಡರ್ ಮಾಡಿ ಉಳಿಸಿ. ಬಜ್ಪೆ ಬರುವುದು ಆ ಟೈಲ್‌ನಲ್ಲಿ. ಆಮೇಲೆ ವೆಕ್ಟರ್, ಮೆಶ್, ಡಿಎಸ್‌ಎಫ್ ಹಂತಗಳನ್ನು ಮತ್ತೆ ಓಡಿಸಿ. ಇಳಿಸಿಟ್ಟ ಚಿತ್ರಗಳು ಹಾಗೇ ಇರುತ್ತವೆ, ಡೇಟಾ ಖರ್ಚಿನ ಚಿಂತೆ ಬೇಡ.

ಈಗ ಫ್ಲಾಟನ್ ಟಿಕ್ ಇದ್ದರೆ ತೆಗೆಯಿರಿ. ಎಕ್ಸ್-ಪ್ಲೇನ್ 11 ಆದರೆ ರನ್‌ವೇ ನೆಲದ ಏರಿಳಿತ ಅನುಸರಿಸುವ ಸೆಟ್ಟಿಂಗ್ ಆನ್ ಇರಲಿ. ಸೆಸ್ನಾ ತೆಗೆದುಕೊಂಡು ಈ ತುದಿಯಿಂದ ಆ ತುದಿಗೆ ನಿಧಾನ ಓಡಿಸಿ. ಡೇಟಾ ಔಟ್‌ಪುಟ್‌ನಲ್ಲಿ ಎತ್ತರ ತೋರಿಸುವ ಸಾಲು ಹಾಕಿಕೊಂಡರೆ ಎಐಪಿ ಅಂಕಿಯ ಜೊತೆ ಹೋಲಿಸಬಹುದು. ಅದು ತೋರಿಸುವುದು ವಿಮಾನದ ಎತ್ತರ, ಹಾಗಾಗಿ ನಾಲ್ಕೈದು ಅಡಿ ಜಾಸ್ತಿ ಬಂದರೆ ತಲೆಕೆಡಿಸಿಕೊಳ್ಳಬೇಡಿ. ದೀಪದ ಕಂಬಗಳೋ ಕಟ್ಟಡಗಳೋ ಗಾಳಿಯಲ್ಲಿ ನೇತಾಡುತ್ತಿದ್ದರೆ, ಅವುಗಳಿಗೆ ಸಮುದ್ರಮಟ್ಟದಿಂದ ಎತ್ತರ ಕೊಟ್ಟಿರುತ್ತೀರಿ. ವರ್ಲ್ಡ್ ಎಡಿಟರ್‌ನಲ್ಲಿ ಅವನ್ನು ಆರಿಸಿ, ನೆಲಕ್ಕೆ ಕೂರುವ ಹಾಗೆ ಬದಲಿಸಿ, ಮತ್ತೆ ಎಕ್ಸ್‌ಪೋರ್ಟ್ ಮಾಡಿ.