ಬಾಡಿಗೆ ಮಡಿಯ ಟೊಮೆಟೊ: ತಳ ಕಪ್ಪಾಗುವುದು ನಿಂತ ಬಗೆ

ಸಮುದಾಯ ತೋಟದಲ್ಲಿ ಬಾಡಿಗೆಗೆ ಪಡೆದ ಮಡಿಯ ಟೊಮೆಟೊ ಕಾಯಿಗಳ ತಳದಲ್ಲಿ ಕಂದು ಕಲೆ ಮೂಡಿ, ಕಪ್ಪಾಗಿ, ತೊಗಲಿನಂತೆ ಒಳಕ್ಕೆ ಕುಸಿಯುತ್ತಿತ್ತು. ಶಿಲೀಂಧ್ರನಾಶಕ, ಮೊಟ್ಟೆಚಿಪ್ಪಿನ ಪುಡಿ ಯಾವುದೂ ನಾಟಲಿಲ್ಲ. ಸಾರಜನಕ ಗೊಬ್ಬರದಿಂದ ಎಲೆ ಸೊಂಪಾಯಿತು, ಕೊಳೆತವೂ ಹೆಚ್ಚಿತು.

ಇದು ಸೋಂಕಲ್ಲ, ಕಾಯಿಗೆ ಕ್ಯಾಲ್ಸಿಯಂ ತಲುಪದ ತೊಂದರೆ. ಕ್ಯಾಲ್ಸಿಯಂ ಬೇರಿನಿಂದ ನೀರಿನೊಂದಿಗೇ ಏರಬೇಕು. ಮಡಿ ಮನೆಯಿಂದ ದೂರವಿದ್ದರೆ ನೀರುಣಿಸುವುದು ತಪ್ಪಿ ಮಣ್ಣು ಒಮ್ಮೆ ಒಣಗಿ ಒಮ್ಮೆ ತೊಯ್ಯುತ್ತದೆ. ಕೆಡುಕಿನ ಮೂಲ ಅಲ್ಲಿದೆ.

ಮೊದಲು ಕೆಟ್ಟ ಕಾಯಿಗಳನ್ನು ಕಿತ್ತೆ, ಅವು ಸರಿಹೋಗುವುದಿಲ್ಲ. ನೆಲವನ್ನು ಒಂದು ಗೇಣು ಆಳಕ್ಕೆ ನೆನೆಸಿದೆ. ತೇವವಿರುವಾಗಲೇ 5ರಿಂದ 8 ಸೆಂಟಿಮೀಟರ್ ದಪ್ಪಕ್ಕೆ ಒಣ ಎಲೆ ಹೊದಿಸಿ, ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಟ್ಟೆ. ಈ ಕ್ರಮವನ್ನು ಹಿಂದುಮುಂದು ಮಾಡಬೇಡಿ. ಆಮೇಲೆ ಹೊದಿಕೆ ಸರಿಸಿ ಬೆರಳು ತೂರಿಸಿ ನೋಡುವುದು. ಎರಡನೇ ಗೆಣ್ಣಿನವರೆಗೆ ಒಣಗಿದ್ದರೆ ಬುಡಕ್ಕೆ ನಿಧಾನವಾಗಿ ನೀರುಣಿಸುವುದು. ಹೊಸ ಗೊಂಚಲುಗಳಲ್ಲಿ ಕಲೆ ಕಾಣಲಿಲ್ಲ.