ಬಸ್ಸಾರಿನ ಪಲ್ಯ ಯಾರ ತಟ್ಟೆಗೆ ಹೋಯಿತು?

ಎಂ.ಎಸ್ಸಿ. ಎರಡನೇ ವರ್ಷದಲ್ಲಿ ಮಂಡ್ಯದ ಕಡೆಯ ಒಂದು ಹಳ್ಳಿಯಲ್ಲಿ ಹೆಂಗಸರ ರಕ್ತಹೀನತೆಯ ಅಧ್ಯಯನಕ್ಕೆ ಇಳಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ವಾರಕ್ಕೆ ನಾಲ್ಕು ದಿನ ಸೊಪ್ಪು ಬೇಯುವ ಊರಲ್ಲೂ ಹೀಗೇಕೆ ಅನ್ನುವುದು ನನ್ನನ್ನು ಕಾಡುತ್ತಿತ್ತು.

ಹಿಂದಿನ 24 ಗಂಟೆಯಲ್ಲಿ ಏನೇನು ತಿಂದಿರಿ ಎಂದು ಕೇಳಿ ಬರೆದುಕೊಳ್ಳುವ ವಿಧಾನ ನನ್ನದು. ಹಬ್ಬ, ಒಪ್ಪತ್ತಿನ ದಿನ ಬಿಟ್ಟು, ಒಂದೊಂದು ಮನೆಗೂ ಎರಡು ಸಲ ಹೋಗುತ್ತಿದ್ದೆ. "ಏನಿದ್ದಾತು ಕಣವ್ವ, ಅದೇ ಹಿಟ್ಟು, ಬಸ್ಸಾರು" ಅನ್ನುವುದೇ ಎಲ್ಲ ಕಡೆ ಉತ್ತರ. ಪಾತ್ರೆಗೆ ಬಿದ್ದ ಸೊಪ್ಪು, ಕಾಳು ಎಷ್ಟು ಎಂದು ತಿಳಿದುಕೊಂಡು, ಮನೆಮಂದಿಯ ಲೆಕ್ಕಕ್ಕೆ ಭಾಗಿಸಿ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರಾಂಶಗಳ ಕೋಷ್ಟಕ ನೋಡಿ ಕಬ್ಬಿಣಾಂಶ ಬರೆಯುತ್ತಿದ್ದೆ. ಲೆಕ್ಕ ಚೆನ್ನಾಗಿಯೇ ಬರುತ್ತಿತ್ತು. ಅದೇ ತಪ್ಪಾಗಿತ್ತು.

ಹದಿನೈದನೇ ಮನೆಯಲ್ಲಿ ಊಟದ ಹೊತ್ತಿಗೆ ಹೋಗಿದ್ದೆ. ಬಸಿದ ದಂಟಿನ ಸೊಪ್ಪು, ಹೆಸರುಕಾಳಿಗೆ ಒಗ್ಗರಣೆ ಬಿದ್ದು ಪಲ್ಯವಾಗಿತ್ತು. ಬಸಿದ ನೀರು ಸಾರಾಗಿತ್ತು. ಆಕೆ ಗಂಡನಿಗೆ, ಮಾವನಿಗೆ, ಇಬ್ಬರು ಮಕ್ಕಳಿಗೆ ಬಡಿಸಿದರು. ಕೊನೆಗೆ ತಾವು ಕೂತಾಗ ಪಲ್ಯದ ಬಾಣಲೆಯ ತಳದಲ್ಲಿ ಒಂದು ಚಮಚದಷ್ಟು ಉಳಿದಿತ್ತು. ಮುದ್ದೆಯನ್ನು ಬರೀ ಸಾರಲ್ಲಿ ಅದ್ದಿಕೊಂಡು ಉಂಡರು. ಕೈ ತೊಳೆದ ತಕ್ಷಣ ಒಂದು ಲೋಟ ಟೀ. ಅವರ ಹಿಮೋಗ್ಲೋಬಿನ್ 9.4 ಇತ್ತು, ಗರ್ಭಿಣಿಯಲ್ಲದವರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತಾರೆ. ಟೀಯ ಒಗರು ಸೊಪ್ಪುಕಾಳಿನ ಕಬ್ಬಿಣಾಂಶವನ್ನು ಅಷ್ಟಾಗಿ ಮೈಗೆ ಹತ್ತಗೊಡುವುದಿಲ್ಲ. ನಿಂಬೆಹುಳಿ, ಸೀಬೆ, ನೆಲ್ಲಿಕಾಯಿ ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ.

ನನ್ನ ಹಾಳೆಯಲ್ಲಿ ಆಕೆಯ ಪಾಲು ಐದರಲ್ಲಿ ಒಂದು. ತಟ್ಟೆಯಲ್ಲಿ ಇದ್ದದ್ದು ಒಂದು ಚಮಚ.

ಅಂದು ರಾತ್ರಿ ನಿದ್ದೆ ಹತ್ತಲಿಲ್ಲ. ಹಿಂದಿನ 14 ಮನೆಗಳ ಹಾಳೆ ಬದಿಗಿಟ್ಟು, ಅಳತೆಯ ಸೌಟು, ಬಟ್ಟಲು, ಸಣ್ಣ ತಕ್ಕಡಿ ಹಿಡಿದು ಮತ್ತೆ ಆ ಮನೆಗಳಿಗೇ ಹೋದೆ. ಈ ಸಲ "ಏನು ಮಾಡಿದ್ರಿ" ಅನ್ನಲಿಲ್ಲ. ಬಟ್ಟಲು ಮುಂದಿಟ್ಟು, "ಎಲ್ಲರದೂ ಆದ್ಮೇಲೆ ನಿಮಗೆ ಎಷ್ಟು ಉಳಿದಿತ್ತು, ಹಾಕಿ ತೋರಿಸಿ ಅಕ್ಕ" ಅಂದೆ. ಮೊದಲ ಮನೆಯಾಕೆ ಸೌಟು ತಗೊಂಡು, ಬಟ್ಟಲನ್ನೇ ನೋಡುತ್ತಾ ಸುಮಾರು ಹೊತ್ತು ಕೂತರು.

"ಪಲ್ಯನಾ? ನಂಗೆಲ್ಲುಳೀತು, ಹುಡುಗ್ರು ತಿಂದ್ಕೊಂಡ್ವು ಬಿಡವ್ವ."